ಓಲೆಗರಿ, ಕಡತ, ಹಳೆಯ ಪುಸ್ತಕಕ್ಕೆ ಹುಳು ಬಿದ್ದಾಗ: ಪತ್ತೆ ಮತ್ತು ಪರಿಹಾರ

ಕಪಾಟಿನ ತಳದಲ್ಲಿ ಪುಡಿ ಉದುರಿದ್ದು ಕಂಡ ಕೂಡಲೇ ಬಟ್ಟೆ ತಂದು ಒರೆಸುವುದು, ನಾಲ್ಕು ನುಸಿಗುಳಿಗೆ ಎಸೆದು ಬಾಗಿಲು ಹಾಕುವುದು: ಮಠ, ಗ್ರಂಥಾಲಯ, ಮನೆ ಎಲ್ಲ ಕಡೆ ನಡೆಯುವುದು ಇಷ್ಟೇ. ಆದರೆ ಆ ಪುಡಿ ಕಸವಲ್ಲ. ಯಾವ ಹುಳು, ಎಲ್ಲಿಂದ ಬಂತು, ಇನ್ನೂ ಬದುಕಿದೆಯೋ ಇಲ್ಲವೋ ಎಂಬುದನ್ನು ಅದೇ ಹೇಳುತ್ತದೆ. ಒರೆಸಿದ ಮೇಲೆ ಕೇಳಲು ಯಾರೂ ಉಳಿಯುವುದಿಲ್ಲ. ಮದ್ದು ಯಾವುದು ಎಂಬ ಪ್ರಶ್ನೆ ಆಮೇಲಿನದು.

ಮುಟ್ಟುವ ಮೊದಲು

ಪುಡಿ ಬಿದ್ದ ಜಾಗದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು. ಆಮೇಲೆ ಪುಡಿಯನ್ನು ಮೆತ್ತನೆ ಕುಂಚದಿಂದ ಬಿಳಿ ಕಾಗದದ ಮೇಲೆ ತೆಗೆದು ಪುಟ್ಟ ಜಿಪ್ ಕವರಿಗೆ ಹಾಕಿ, ದಿನಾಂಕ ಮತ್ತು ಕಪಾಟಿನ ಸಂಖ್ಯೆ ಬರೆಯಿರಿ. ಸತ್ತ ಹುಳು, ಕಳಚಿದ ಪೊರೆ, ರೆಕ್ಕೆ ಸಿಕ್ಕರೆ ಅದೂ ಬೇಕು. ನೋಡಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು.

ಹುಳು ಬಿದ್ದ ವಸ್ತುವನ್ನು ಆ ಕೋಣೆಯಿಂದ ಈ ಕೋಣೆಗೆ ಹಾಗೇ ಹೊತ್ತೊಯ್ಯಬೇಡಿ. ಇದ್ದಲ್ಲಿಯೇ ಪಾಲಿಥೀನ್ ಚೀಲಕ್ಕೆ ಇಳಿಸಿ ಬಾಯಿ ಮುಚ್ಚಿ, ನಂತರ ಎತ್ತಿ. ಒಂದು ಎಚ್ಚರಿಕೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಗಾಳಿಯ ತೇವಾಂಶ ಶೇಕಡಾ 80 ದಾಟಿ ನಿಲ್ಲುತ್ತದೆ. ತಂಡಿ ಹೀರಿದ ಕಟ್ಟನ್ನು ಆ ಹೊತ್ತಿನಲ್ಲಿ ಚೀಲದಲ್ಲಿ ವಾರಗಟ್ಟಲೆ ಇಟ್ಟರೆ ಹುಳುವಿನ ಜೊತೆಗೆ ಬೂಷ್ಟೂ ಬರುತ್ತದೆ. ಅಂಥಲ್ಲಿ ಚೀಲ ಒಂದೆರಡು ದಿನಕ್ಕೆ ಮಾತ್ರ. ಅಷ್ಟರಲ್ಲಿ ವಸ್ತುವನ್ನು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇರುವ ಪ್ರತ್ಯೇಕ ಕೋಣೆಗೆ ಸೇರಿಸಿ.

ಏನು ಕಂಡರೆ ಯಾವ ಹುಳು

*ದುಂಡನೆಯ ಸಣ್ಣ ತೂತು, ಹಾಳೆಯಿಂದ ಹಾಳೆಗೆ ನೇರವಾಗಿ ಸಾಗಿದೆ.* ಇದು ಪುಸ್ತಕದ ದುಂಬಿಯ ಮರಿಹುಳುವಿನ ಕೆಲಸ. ನಮ್ಮ ಕಡೆ ಮೂರು ಮುಖ್ಯ. ಓಲೆಗರಿ ಮತ್ತು ಪುಸ್ತಕದಲ್ಲಿ ಗ್ಯಾಸ್ಟ್ರಾಲಸ್ ಇಂಡಿಕಸ್. ಎಲ್ಲ ಕಡೆ ಸಿಗುವ ಇನ್ನೆರಡು, ತಂಬಾಕಿನ ದುಂಬಿ (ಲೇಸಿಯೋಡರ್ಮಾ) ಮತ್ತು ಔಷಧ ಅಂಗಡಿಯ ದುಂಬಿ (ಸ್ಟೆಗೋಬಿಯಂ). ಕೊನೆಯ ಎರಡೂ 2–3 ಮಿಲಿಮೀಟರ್ ಉದ್ದದ ಕಂದು ಬಣ್ಣದವು, ಬರಿಗಣ್ಣಿಗೆ ಒಂದೇ ಥರ. ಭೂತಗನ್ನಡಿಯಲ್ಲಿ ಬೆನ್ನು ನೋಡಿ: ಗಟ್ಟಿ ರೆಕ್ಕೆಯ ಮೇಲೆ ಉದ್ದಕ್ಕೂ ಗೀರುಗಳಿದ್ದರೆ ಸ್ಟೆಗೋಬಿಯಂ, ನುಣುಪಾಗಿದ್ದರೆ ಲೇಸಿಯೋಡರ್ಮಾ. ಮೀಸೆ ಗರಗಸದ ಹಲ್ಲಿನಂತಿದ್ದರೆ ಲೇಸಿಯೋಡರ್ಮಾ, ತುದಿಯ ಮೂರು ಗಂಟು ದಪ್ಪವಾಗಿದ್ದರೆ ಸ್ಟೆಗೋಬಿಯಂ. ಎರಡಕ್ಕೂ ಚಿಕಿತ್ಸೆ ಒಂದೇ ಆದರೂ ಗುರುತಿಸಿದ್ದು ವ್ಯರ್ಥವಲ್ಲ. ಇವೆರಡೂ ಅರಿಸಿನ, ಕೊತ್ತಂಬರಿ ಬೀಜ, ಒಣಶುಂಠಿಯಲ್ಲಿ ಹುಟ್ಟಿ ಬೆಳೆಯುವಂಥವು. ಕೋಣೆಯಲ್ಲಿ ಇವು ಸಿಕ್ಕಿದರೆ ಪಕ್ಕದ ಉಗ್ರಾಣ, ಅಡುಗೆಮನೆ, ಪೂಜಾಕೋಣೆಯ ಡಬ್ಬಗಳನ್ನೂ ತೆರೆದು ನೋಡಬೇಕು.

ಓಲೆಗರಿ ಕಟ್ಟಾದರೆ ಮೊದಲು ನೋಡಬೇಕಾದ್ದು ಗರಿಗಳನ್ನಲ್ಲ, ಮೇಲೆ ಕೆಳಗೆ ಇಟ್ಟ ಮರದ ಹಲಗೆಗಳನ್ನು. ಹಲಗೆಯ ಒಳಮೈಯಲ್ಲಿ ತೂತಿದ್ದು, ಅದೇ ನೇರಕ್ಕೆ ಮೊದಲ ಗರಿಯಲ್ಲಿ ತೂತು ಶುರುವಾಗಿದ್ದರೆ ಹುಳು ಬಂದದ್ದು ಹಲಗೆಯಿಂದ. ಅಂಥ ಹಲಗೆಯನ್ನು ಬಿಟ್ಟು ಗರಿಗಳಿಗಷ್ಟೇ ಚಿಕಿತ್ಸೆ ಮಾಡಿ ಮತ್ತೆ ಅದೇ ಹಲಗೆಯ ನಡುವೆ ಕಟ್ಟಿದರೆ ಮಾಡಿದ್ದೆಲ್ಲ ನೀರುಪಾಲು. ಗರಿಯ ಎರಡೂ ಮಗ್ಗುಲಲ್ಲಿ ಕಂಟದಿಂದ (ಚೂಪು ತುದಿಯ ಲೋಹದ ಕಡ್ಡಿ) ಕೊರೆದು ಬರೆದಿರುವುದರಿಂದ ಒಂದು ತೂತು ಎರಡು ಪುಟಗಳ ಅಕ್ಷರ ತಿನ್ನುತ್ತದೆ ಎಂಬುದೂ ನೆನಪಿರಲಿ. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ಕೊಟ್ಟದ್ದು ಇಂಥದೇ ಒಂದು ಓಲೆಗರಿ ಕಟ್ಟು.

*ಹಾಳೆಯ ಮೇಲ್ಮೈ ಕೆರೆದಂತಿದೆ, ಅಂಚು ಅಂಕುಡೊಂಕು, ತೂತು ಆರಪಾರ ಹೋಗಿಲ್ಲ ಅಥವಾ ಅಲ್ಲಲ್ಲಿ ಮಾತ್ರ ಹೋಗಿದೆ.* ಬೆಳ್ಳಿಮೀನು ಹುಳು. ಸುಮಾರು 10–15 ಮಿ.ಮೀ. ಉದ್ದ, ಬಾಲದಲ್ಲಿ ಮೂರು ಎಳೆ, ದೀಪ ಹಾಕಿದ ಕೂಡಲೇ ಓಟ. ಅದಕ್ಕೆ ಬೇಕಾದ್ದು ಗಂಜಿ ಮತ್ತು ತೇವ: ಲೇಬಲ್ಲಿನ ಅಂಟು, ರಟ್ಟಿನ ಮೇಲಿನ ಬಟ್ಟೆ, ಫೋಟೋದ ಜೆಲಾಟಿನ್. ಕಡತಕ್ಕೆ ಇದು ದೊಡ್ಡ ಶತ್ರು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಪುಡಿ ಬಳಿದು ಮಾಡಿದ ಕಡತವೆಂದರೆ ಬೆಳ್ಳಿಮೀನಿಗೆ ಬಡಿಸಿಟ್ಟ ಎಲೆ. ಮಡಿಕೆಯ ಅಂಚಿನಲ್ಲಿ ಕಪ್ಪು ಲೇಪ ಹೋಗಿ ನೂಲು ಕಾಣುತ್ತಿದ್ದರೆ ಇದನ್ನೇ ಶಂಕಿಸಿ.

*ಪುಡಿಯೂ ಇಲ್ಲ, ತೂತೂ ಇಲ್ಲ, ಒಂದು ಮಿಲಿಮೀಟರಿನ ಬಿಳಿಚು ಹುಳು ಹಾಳೆಯ ಮೇಲೆ ಓಡಾಡುತ್ತಿದೆ.* ಪುಸ್ತಕದ ಹೇನು. ಇದು ಕಣ್ಣಿಗೆ ಕಾಣದ ಬೂಷ್ಟನ್ನು ಮೇಯುತ್ತದೆ. ಇದಕ್ಕೆ ಮದ್ದು ಹೊಡೆಯುವುದು ಹಣ ದಂಡ. ತೇವಾಂಶ ಶೇಕಡಾ 55ರ ಕೆಳಗೆ ಇಳಿದು ಕೆಲ ವಾರ ಅಲ್ಲೇ ನಿಂತರೆ ತಾನಾಗಿ ಹೋಗುತ್ತದೆ. ಬೇಕಾದ್ದು ಗೋಡೆಯ ಸೋರಿಕೆಯ ರಿಪೇರಿ.

*ಮರದಿಂದ ಪುಡಿ ಉದುರುತ್ತಿದೆ.* ಕೈಗವಸು ತೊಟ್ಟ ಎರಡು ಬೆರಳ ನಡುವೆ ಉಜ್ಜಿ. ಮೈದಾಹಿಟ್ಟಿನಂತೆ ನಯವಾಗಿ ಜಾರಿದರೆ ಲಿಕ್ಟಸ್ ಜಾತಿಯ ಕುಟ್ಟೆಹುಳು; ಬಿದಿರು ಮತ್ತು ಗಟ್ಟಿಮರದ ಬಿಳಿತಿರುಳಿನಲ್ಲಿ ಪಿಷ್ಟ ಇರುವ ಕಡೆಗೆ ಮಾತ್ರ ಬೀಳುತ್ತದೆ, ಸಾಗುವಾನಿಯ ಕೆಂಪು ತಿರುಳಿಗಲ್ಲ. ಹರಳುಹರಳಾಗಿ, ಗಸಗಸೆಯಷ್ಟು ಗಾತ್ರದಲ್ಲಿ, ಭೂತಗನ್ನಡಿಯಲ್ಲಿ ಆರು ಮೂಲೆ ಕಂಡರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಈ ಗೆದ್ದಲಿಗೆ ನೆಲವೂ ಬೇಡ, ಮಣ್ಣಿನ ದಾರಿಯೂ ಬೇಡ. ಕಪಾಟು, ಚೌಕಟ್ಟು, ವಿಗ್ರಹದ ಪೀಠದೊಳಗೇ ಸಂಸಾರ ನಡೆಸುತ್ತದೆ.

*ಕಂಬಳಿ, ರೇಷ್ಮೆ, ತೊಗಲುಗೊಂಬೆ, ಹಕ್ಕಿಯ ಗರಿ, ಕೂದಲಿಗೆ ತೂತು.* ಇಬ್ಬರು ಅನುಮಾನಿತರು. ಕಂದು ಕೂದಲು ತುಂಬಿದ, ಸುರುಳಿ ಸುತ್ತಿದ ಪೊರೆಗಳು ಮಡಿಕೆಯಲ್ಲಿ ಸಿಕ್ಕಿದರೆ ಕಂಬಳಿ ದುಂಬಿ. ಅದರ ದೊಡ್ಡ ದುಂಬಿ ಹೂವಿನ ಪರಾಗ ತಿನ್ನುವಂಥದ್ದು, ಬೆಳಕಿಗೆ ಹಾರುತ್ತದೆ. ಹಾಗಾಗಿ ಕಿಟಕಿಯ ಹೊಸ್ತಿಲಲ್ಲಿ ಸತ್ತುಬಿದ್ದಿದ್ದನ್ನು ದಿನಾ ಗುಡಿಸುವವರನ್ನೇ ಕೇಳಿ, ಅವರಿಗೆ ಮೊದಲು ಗೊತ್ತಿರುತ್ತದೆ. ರೇಷ್ಮೆಯ ಬಿಳಿ ಜಾಲ, ಅದರಲ್ಲಿ ಬಟ್ಟೆಯದೇ ಬಣ್ಣದ ಹಿಕ್ಕೆ ಕಂಡರೆ ಬಟ್ಟೆ ಪತಂಗ. ಕೆಂಪು ಶಾಲು ತಿಂದ ಮರಿಹುಳುವಿನ ಹಿಕ್ಕೆಯೂ ಕೆಂಪೇ. ಗೋಡೆಯ ಮೇಲೆ ನೇತಾಡುವ, ಎರಡೂ ಕಡೆ ಬಾಯಿಯಿರುವ ಚಪ್ಪಟೆ ಬೂದು ಗೂಡನ್ನು ಕಂಡು ಗಾಬರಿಯಾಗಬೇಡಿ. ಅದು ಹೆಚ್ಚಾಗಿ ಜೇಡರ ಬಲೆಯ ಚೂರು, ಸತ್ತ ಹುಳು ತಿಂದು ಬದುಕುವ ಪತಂಗದ ಮರಿ. ಉಣ್ಣೆಯನ್ನೂ ತಿನ್ನಬಲ್ಲದು, ಆದರೆ ಅದು ಹೇಳುವ ಮುಖ್ಯ ಮಾತು ಮೂಲೆ ಗುಡಿಸಿಲ್ಲ ಎಂದು.

ಮೋಸ ಮಾಡುವ ಗುರುತುಗಳೂ ಉಂಟು. ತುದಿಯಲ್ಲಿ ಬಿಳಿ ಚುಕ್ಕೆಯ ಕರಿ ಹಿಕ್ಕೆ ಹಲ್ಲಿಯದು. ಇನ್ನೊಂದು ಹೆಚ್ಚು ದಾರಿ ತಪ್ಪಿಸುವಂಥದ್ದು: ಕಬ್ಬಿಣದ ಮಸಿಯಲ್ಲಿ ಬರೆದ ಹಳೆಯ ಕಾಗದದಲ್ಲಿ ಅಕ್ಷರ ಇದ್ದ ಜಾಗವೇ ಸುಟ್ಟಂತೆ ಉದುರಿ ಹೋಗುತ್ತದೆ. ತೂತು ಅಕ್ಷರದ ಗೆರೆಯನ್ನೇ ಹಿಡಿದು ಹೋಗಿದ್ದರೆ ಅದು ಮಸಿಯ ಆಮ್ಲದ ಕೆಲಸ. ಹುಳುವಿಗೆ ಓದು ಬರುವುದಿಲ್ಲ.

ಹುಳು ಬದುಕಿದೆಯೇ?

ತೂತು ಕಂಡಿತೆಂದರೆ ಹುಳು ಇದೆ ಎಂದರ್ಥವಲ್ಲ. ನೂರು ವರ್ಷದ ಹಿಂದೆ ತಿಂದು ಹೋಗಿರಬಹುದು. ಹೊಸ ತೂತಿನ ಒಳಗೋಡೆ ತಿಳಿಬಣ್ಣ, ಅಂಚು ಚೂಪು. ಹಳೆಯದರ ಒಳಗೆ ಧೂಳು ಕೂತು ಕಪ್ಪಾಗಿರುತ್ತದೆ. ಇಷ್ಟರ ಮೇಲೆ ತೀರ್ಪು ಕೊಡಬಾರದು, ಏಕೆಂದರೆ ಕಪಾಟು ಅಲುಗಾಡಿಸಿದರೆ ಹಳೆಯ ಪುಡಿಯೂ ಹೊಸದರಂತೆ ಉದುರುತ್ತದೆ. ವಸ್ತುವನ್ನು ಶುಚಿ ಮಾಡಿ, ಕೆಳಗೆ ಕಪ್ಪು ಕಾಗದ ಹಾಸಿ, ಅಲುಗಾಡದ ಜಾಗದಲ್ಲಿ ಇಟ್ಟು ವಾರಕ್ಕೊಮ್ಮೆ ನೋಡಿ. ಬೆಚ್ಚಗಿನ ಕೋಣೆಯಲ್ಲಿ ಪುಸ್ತಕದ ದುಂಬಿಯ ಒಂದು ಸುತ್ತು, ಮೊಟ್ಟೆಯಿಂದ ದುಂಬಿಯವರೆಗೆ, ಎರಡು ತಿಂಗಳ ಆಸುಪಾಸು. ಅಷ್ಟು ಕಾಲವಾದರೂ ಕಾಯಬೇಕು. ಚಳಿಗಾಲದಲ್ಲಿ ಇನ್ನೂ ಹೆಚ್ಚು. ಹೊಸ ಪುಡಿ ಬಿದ್ದರೆ ಬದುಕಿದೆ.

ಶುಚಿ ಮಾಡುವಾಗ ಓಲೆಗರಿಗೂ ಪುಸ್ತಕಕ್ಕೂ ಮೆತ್ತನೆ ಕುಂಚ, ಬಾಯಿಗೆ ಜಾಳಿಗೆ ಬಟ್ಟೆ ಕಟ್ಟಿದ, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಕ್ಲೀನರ್, ಕಡಿಮೆ ಎಳೆತ. ಕಡತಕ್ಕೆ ಈ ನಿಯಮ ಹಿಡಿಯಬೇಡಿ. ಅದರ ಮೇಲಿನ ಬಳಪದ ಬರಹ ಕುಂಚ ತಾಗಿದರೂ ಅಳಿಸುತ್ತದೆ, ಒದ್ದೆ ಬಟ್ಟೆ ತಾಗಿದರೆ ಕೇಳುವುದೇ ಬೇಡ. ಬರಹವಿಲ್ಲದ ಅಂಚು, ಮಡಿಕೆಯ ಬೆನ್ನು ಮಾತ್ರ ಮುಟ್ಟಿ. ಶುಚಿಗೆ ಮೊದಲು ಪ್ರತಿ ಮಡಿಕೆಯ ಫೋಟೋ ತೆಗೆದಿಟ್ಟರೆ ಕೈ ತಪ್ಪಿದರೂ ಪಾಠ ಉಳಿಯುತ್ತದೆ. ಕೂಡಿದ ಕಸವನ್ನು ಅದೇ ಕೋಣೆಯ ಬುಟ್ಟಿಗೆ ಹಾಕದೆ ಚೀಲ ಕಟ್ಟಿ ಅಂದೇ ಹೊರಗೆ ಕಳಿಸಿ.

ಹಳೆಯ ಹುಲಿ, ಚಿರತೆ, ಜಿಂಕೆಯ ತುಂಬಿದ ತೊಗಲುಗಳಿಗೆ ಹಿಂದೆ ಆರ್ಸೆನಿಕ್ ಬಳಿಯುತ್ತಿದ್ದರು. ಅವುಗಳ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನೈಟ್ರೈಲ್ ಕೈಗವಸು ಮತ್ತು ಎನ್‌-95 ಮುಖಗವಸು ಇಲ್ಲದೆ ಶುರು ಮಾಡಬೇಡಿ.

ಡೀಪ್ ಫ್ರೀಜರ್

ಕಾಗದ, ಬಟ್ಟೆ, ಬಣ್ಣವಿಲ್ಲದ ಓಲೆಗರಿ ಮತ್ತು ಹಲಗೆಗೆ ನಮ್ಮ ಮೊದಲ ಆಯ್ಕೆ ಇದೇ. ವಿಷವಿಲ್ಲ, ಮೊಟ್ಟೆಯವರೆಗೂ ಕೊಲ್ಲುತ್ತದೆ. ಐಸ್‌ಕ್ರೀಮ್ ಅಂಗಡಿಯಲ್ಲಿರುವಂಥ, ಮೇಲಿಂದ ಬಾಗಿಲು ತೆರೆಯುವ ಫ್ರೀಜರ್ −20 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಸಾಕು. ಮನೆಯ ಫ್ರಿಜ್ಜಿನ ಮೇಲಿನ ಖಾನೆ ಆಗದು. ತಾನೇ ಹಿಮ ಕರಗಿಸಿಕೊಳ್ಳುವಾಗ ತಾಪ ಏರಿಳಿಯುತ್ತದೆ.

1. ವಸ್ತು ತೇವವಾಗಿದ್ದರೆ ಮೊದಲು ನೆರಳಲ್ಲಿ ಆರಿಸಿ. ತೇವಾಂಶ ಶೇಕಡಾ 60ರ ಒಳಗಿರುವ ಕೋಣೆಯಲ್ಲಿ ಒಂದೆರಡು ದಿನ ಇಟ್ಟು ನಂತರ ಮುಂದಿನ ಹೆಜ್ಜೆ.
2. ಗಂಜಿ ತೊಳೆದ ಹತ್ತಿಬಟ್ಟೆ ಅಥವಾ ಬ್ಲಾಟಿಂಗ್ ಕಾಗದದಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ. ಕೈಯಿಂದ ಗಾಳಿ ಒತ್ತಿ ತೆಗೆದು ಟೇಪ್ ಹಚ್ಚಿ. ಅದರ ಮೇಲೆ ಇನ್ನೊಂದು ಚೀಲ. ಗಾಳಿ ಎಳೆಯುವ ಯಂತ್ರ ಬಳಸಬೇಡಿ, ಗರಿ ನುಗ್ಗಾಗುತ್ತದೆ.
3. ಫ್ರೀಜರ್ ಮೊದಲೇ −20ಕ್ಕೆ ಇಳಿದಿರಲಿ. ಚೀಲಗಳನ್ನು ಸ್ವಲ್ಪ ಸ್ವಲ್ಪವಾಗಿ, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಇಡಿ. ತುರುಕಿ ತುಂಬಿದರೆ ತಂಪು ನಿಧಾನ ಇಳಿಯುತ್ತದೆ. ನಿಧಾನವಾಗಿ ತಣ್ಣಗಾಗುವ ಹುಳು ಚಳಿಗೆ ಒಗ್ಗಿಕೊಂಡು ಬದುಕಿಬಿಡುತ್ತದೆ. ಈ ವಿಧಾನ ಸೋಲುವುದು ಬಹುಪಾಲು ಈ ಹೆಜ್ಜೆಯಲ್ಲೇ.
4. ಎಲ್ಲಕ್ಕಿಂತ ದಪ್ಪ ಕಟ್ಟಿನ ಪಕ್ಕದಲ್ಲಿ, ಅಷ್ಟೇ ದಪ್ಪದ ರದ್ದಿ ಪುಸ್ತಕವೊಂದನ್ನು ಅದೇ ರೀತಿ ಸುತ್ತಿ ಇಡಿ. ಅದರ ನಡುವೆ ತಂತಿಯ ಥರ್ಮಾಮೀಟರ್ ಸಿಕ್ಕಿಸಿ. ದಿನ ಎಣಿಸುವುದು ಆ ಥರ್ಮಾಮೀಟರ್ −18 ತೋರಿಸಿದ ಮೇಲೆ.
5. −18ರಿಂದ −20 ಆದರೆ 14 ದಿನ. −30 ಮುಟ್ಟುವ ಫ್ರೀಜರ್ ಆದರೆ 3 ದಿನ. ನಡುವೆ ಕರೆಂಟ್ ಹೋಗಿ ಥರ್ಮಾಮೀಟರ್ −15ಕ್ಕಿಂತ ಮೇಲೆ ಬಂದರೆ ಎಣಿಕೆ ಮತ್ತೆ ಒಂದರಿಂದ.
6. ಹೊರತೆಗೆದು, ಚೀಲ ಬಿಚ್ಚದೆ 24 ಗಂಟೆ ಇಡಿ. ದಪ್ಪ ಕಟ್ಟಿಗೆ 48. ಅವಸರಪಟ್ಟು ಬಿಚ್ಚಿದರೆ ತಣ್ಣನೆಯ ಗರಿಯ ಮೇಲೆ ನೀರು ಇಬ್ಬನಿಯಾಗಿ ಕೂರುತ್ತದೆ. ಚೀಲದ ಹೊರಮೈ ಪೂರ್ತಿ ಒಣಗಿರಬೇಕು.

ಬಣ್ಣ ಬಳಿದ ಹಲಗೆ, ಅರಗಿನ ಕೆಲಸ, ದಂತ, ಗಾಜಿನ ನೆಗೆಟಿವ್, ಮೇಣ, ತೈಲಚಿತ್ರ: ಇವು ಫ್ರೀಜರಿಗೆ ಹೋಗಬಾರದು. ಒಂದೊಂದು ಪದರ ಒಂದೊಂದು ಅಳತೆಯಲ್ಲಿ ಕುಗ್ಗಿ ಬಣ್ಣ ಎದ್ದು ಬರುತ್ತದೆ.

ಆಮ್ಲಜನಕ ತೆಗೆಯುವ ವಿಧಾನ

ಫ್ರೀಜರಿಗೆ ಹೋಗದವಕ್ಕೆ ಇದು ದಾರಿ. ಗಾಳಿ ದಾಟದ ಪದರದ ಚೀಲದಲ್ಲಿ ವಸ್ತು ಇಟ್ಟು, ಆಮ್ಲಜನಕ ಹೀರುವ ಪೊಟ್ಟಣ ಹಾಕಿ ಬಾಯಿ ಬೆಸೆಯುವುದು. ಮಾಮೂಲಿ ಪಾಲಿಥೀನ್ ಇದಕ್ಕೆ ಆಗದು, ಗಾಳಿ ಅದರ ಮೂಲಕವೇ ಒಳನುಸುಳುತ್ತದೆ.

ಲೆಕ್ಕ ಹೀಗೆ: ವಸ್ತು ಬಿಟ್ಟು ಚೀಲದಲ್ಲಿ ಉಳಿದ ಗಾಳಿ 20 ಲೀಟರ್ ಎಂದುಕೊಳ್ಳಿ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21, ಅಂದರೆ 4.2 ಲೀಟರ್. ಒಂದು ಪೊಟ್ಟಣ 2,000 ಮಿ.ಲೀ. ಆಮ್ಲಜನಕ ಹೀರುವುದಾದರೆ ಮೂರು ಬೇಕು. ವಸ್ತುವಿನೊಳಗೆ ಸಿಕ್ಕ ಗಾಳಿಗೆಂದು ಇನ್ನೊಂದು, ಒಟ್ಟು ನಾಲ್ಕು. ಪೊಟ್ಟಣದ ಮೇಲಿನ ಸಂಖ್ಯೆ ಆಮ್ಲಜನಕದ್ದೋ ಒಟ್ಟು ಗಾಳಿಯದ್ದೋ ಎಂದು ಕೇಳಿ ತಿಳಿದುಕೊಳ್ಳಿ. ಇಲ್ಲಿ ಎಡವಿದರೆ ಐದು ಪಟ್ಟು ವ್ಯತ್ಯಾಸ. ಪೊಟ್ಟಣ ಬಿಸಿಯಾಗುತ್ತದೆ, ವಸ್ತುವಿಗೆ ತಾಗದಂತೆ ಇಡಿ. ಬಣ್ಣ ಬದಲಿಸುವ ಸೂಚಕ ಮಾತ್ರೆಯೊಂದು ಹೊರಗಿಂದ ಕಾಣುವಂತಿರಲಿ. ಆಮ್ಲಜನಕ ಶೇಕಡಾ 0.5ಕ್ಕಿಂತ ಕೆಳಗೆ, 25 ಡಿಗ್ರಿಗೆ ಕಡಿಮೆಯಾಗದ ಕೋಣೆಯಲ್ಲಿ, 21 ದಿನ. ತಣ್ಣನೆಯ ಕೋಣೆಯಲ್ಲಿ ಹುಳು ನಿಧಾನವಾಗಿ ಉಸಿರಾಡುತ್ತದೆ, ಸಾಯುವುದೂ ನಿಧಾನ. ಸೂಚಕ ನಡುವೆ ನೀಲಿಗೆ ತಿರುಗಿದರೆ ಚೀಲ ಎಲ್ಲೋ ಸೋರುತ್ತಿದೆ. ಬಹುಪಾಲು ಬೆಸುಗೆಯ ಮೂಲೆಯಲ್ಲಿ. ಪ್ರಷ್ಯನ್ ನೀಲಿ ಬಣ್ಣವಿರುವ ಚಿತ್ರಕ್ಕೆ ಈ ವಿಧಾನ ಬೇಡ, ಆಮ್ಲಜನಕ ಇಲ್ಲದಾಗ ಅದು ಮಾಸುತ್ತದೆ.

ಕೈಬಿಡಬೇಕಾದ ಮದ್ದುಗಳು

ನುಸಿಗುಳಿಗೆಯ ವಾಸನೆ ತೂತಿನ ಆಳದಲ್ಲಿರುವ ಮರಿಹುಳುವನ್ನು ಕೊಲ್ಲುವಷ್ಟು ಯಾವ ಕಪಾಟಿನಲ್ಲೂ ಕಟ್ಟಿಕೊಳ್ಳುವುದಿಲ್ಲ. ತಲೆನೋವು ಬರುವುದು ಓದುಗರಿಗೆ. ಥೈಮಾಲ್ ಎಂಬ ಮದ್ದಿನ ಆವಿ ಹಾಯಿಸುವ ಪೆಟ್ಟಿಗೆ ಹಳೆಯ ಪತ್ರಾಗಾರಗಳಲ್ಲಿ ಇನ್ನೂ ಇದೆ, ಅದು ಬೂಷ್ಟಿಗೆಂದು ಬಂದದ್ದು, ಹುಳುವಿಗಲ್ಲ, ವಾರ್ನಿಷ್ ಮೆತ್ತಗಾಗಿಸುತ್ತದೆ. ಸೀಮೆಎಣ್ಣೆ ಬೆರೆತ ಸ್ಪ್ರೇ ಕಾಗದದ ಮೇಲೆ ಕಲೆಯಾಗಿ ನಿಲ್ಲುತ್ತದೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಅನಿಲ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ. ಪರವಾನಗಿ ಇಲ್ಲದವರು ಹತ್ತಿರವೂ ಹೋಗಬಾರದು. ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಹಾನಿಯೆಂದು ಮಾಂಟ್ರಿಯಲ್ ಒಪ್ಪಂದದಡಿ ಹಿಂದೆ ಸರಿಯಿತು. ಇನ್ನೊಂದು, ಎಲ್ಲ ಧೂಮ ಚಿಕಿತ್ಸೆಗೂ ಅನ್ವಯಿಸುವ ಮಾತು: ಅಂದಿರುವ ಹುಳು ಸಾಯುತ್ತದೆ, ನಾಳೆ ಬರುವುದನ್ನು ತಡೆಯುವುದಿಲ್ಲ.

ಬಿಸಿಲಿಗೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಹುಳು ನೆರಳಿನ ಮಗ್ಗುಲಿಗೆ ಸರಿದು ಕೂರುತ್ತದೆ, ಗರಿ ಮಾತ್ರ ಒಣಗಿ ಸೀಳುತ್ತದೆ.

ನಾಟಿ ಪದ್ಧತಿಯಲ್ಲಿ ಒಳ್ಳೆಯದೂ ಇದೆ. ನಿಂಬೆಹುಲ್ಲಿನ ಎಣ್ಣೆಯನ್ನು ಹತ್ತಿಯಿಂದ ತೆಳ್ಳಗೆ ಸವರಿದರೆ ಓಲೆಗರಿ ಬಳುಕುತ್ತದೆ, ಹೊಸ ಹುಳು ಹಿಂಜರಿಯುತ್ತದೆ. ಆದರೆ ಸವರುವುದು ಹುಳು ಸತ್ತ ಮೇಲೆ. ಒಳಗಿರುವುದಕ್ಕೆ ಅದು ತಾಗದು. ಹೆಚ್ಚಾದರೆ ಧೂಳು ಹಿಡಿದು ಗರಿಗಳು ಅಂಟುತ್ತವೆ, ಬಣ್ಣದ ಚಿತ್ರವಿರುವ ಗರಿಗೆ ಕೂಡದು. ಕಪಾಟಿನಲ್ಲಿ ಅರಿಸಿನದ ಕೊಂಬು, ಮಸಾಲೆಯ ಗಂಟು ಇಡುವುದನ್ನು ಮಾತ್ರ ಖಂಡಿತ ನಿಲ್ಲಿಸಿ. ಆರು ತಿಂಗಳು ಮುಟ್ಟದೆ ಇಟ್ಟ ಆ ಗಂಟನ್ನು ಬಿಚ್ಚಿ ಬಿಳಿ ತಟ್ಟೆಗೆ ಸುರಿಯಿರಿ: ಮೇಲೆ ಹೇಳಿದ ಎರಡು ದುಂಬಿಗಳಲ್ಲಿ ಒಂದು ಅಲ್ಲೇ ನಡೆದಾಡುತ್ತಿರಬಹುದು.

ನೆಲದ ಗೆದ್ದಲು

ಇದರ ಲೆಕ್ಕ ಬೇರೆ, ಏಕೆಂದರೆ ಗೂಡು ಕಟ್ಟಡದ ಹೊರಗಿದೆ. ಗೋಡೆಗೆ ತಾಗಿದ ಕಪಾಟಿನ ಹಿಂಬದಿ, ಬಾಗಿಲ ಚೌಕಟ್ಟಿನ ಬುಡದಲ್ಲಿ ಮಣ್ಣಿನ ದಾರಿ ಹುಡುಕಿ. ಅದರ ನಡುವೆ ಒಂದು ಅಂಗುಲ ಕೆಡವಿ. ಒಂದೆರಡು ದಿನದಲ್ಲಿ ಒದ್ದೆ ಮಣ್ಣಿನಿಂದ ಮುಚ್ಚಿದ್ದರೆ ಸಂಚಾರ ಜೀವಂತ. ಪುಸ್ತಕ ಹೊರಗೆ ಗಟ್ಟಿಯಾಗಿದ್ದು ಎತ್ತಿದಾಗ ಹಗುರವೆನಿಸಿದರೆ ಒಳಗೆಲ್ಲ ಮಣ್ಣು. ಪುಸ್ತಕಗಳನ್ನು ತೆಗೆದು ಫ್ರೀಜರಿಗೆ, ಕಟ್ಟಡವನ್ನು ಪರವಾನಗಿ ಇರುವ ಗೆದ್ದಲು ನಿಯಂತ್ರಣದವರಿಗೆ. ಇರುವ ಕಟ್ಟಡಗಳಿಗೆ ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗ ಅನ್ವಯ. ಗೋಡೆ ನೆಲ ಕೂಡುವಲ್ಲಿ 300 ಮಿ.ಮೀ.ಗೊಂದರಂತೆ 12 ಮಿ.ಮೀ. ರಂಧ್ರ ಕೊರೆದು ಮದ್ದು ಇಳಿಸುತ್ತಾರೆ. ಕೆಲಸದವರು ರಂಧ್ರ ಕೊರೆಯದೆ ಗೋಡೆಗೆ ಸಿಂಪಡಿಸಿ ಹೊರಟರೆ ಬಿಲ್ಲಿಗೆ ಸಹಿ ಹಾಕಬೇಡಿ.

ಮತ್ತೆ ಬಂತು ಎಂದರೆ

ಅಂಟುಬಲೆಗಳ ದಾಖಲೆ ತೆಗೆದು ನೋಡಿ. ಇಲ್ಲದಿದ್ದರೆ ಈಗ ಶುರು ಮಾಡಿ. ಗೋಡೆ ನೆಲ ಕೂಡುವ ಅಂಚಿನಲ್ಲಿ, ಬಾಗಿಲ ಎರಡೂ ಬದಿ, ಕಪಾಟಿನ ಹಿಂದೆ ಸಂಖ್ಯೆ ಹಾಕಿದ ಬಲೆ ಇಟ್ಟು ನಕ್ಷೆಯಲ್ಲಿ ಗುರುತಿಸಿ. ತಿಂಗಳಿಗೊಮ್ಮೆ ಎಣಿಸಿ: ದಿನಾಂಕ, ಬಲೆ ಸಂಖ್ಯೆ, ಯಾವ ಹುಳು, ಮರಿಯೋ ದೊಡ್ಡದೋ, ಎಷ್ಟು. ಧೂಳು ಹಿಡಿದ ಬಲೆಗೆ ಹುಳು ಅಂಟದು, ಬದಲಿಸಿ. ದುಂಬಿಗೆ, ಪತಂಗಕ್ಕೆ ಫೆರೋಮೋನ್ ಬಲೆ (ಹೆಣ್ಣು ಹುಳುವಿನ ವಾಸನೆ ಹಚ್ಚಿದ್ದು) ಸಿಗುತ್ತದೆ. ಅದು ಗಂಡನ್ನು ಮಾತ್ರ ಸೆಳೆಯುತ್ತದೆ, ಎಣಿಸಲಿಕ್ಕೆ ಸರಿ, ನಿರ್ಮೂಲಕ್ಕಲ್ಲ. ಎರಡು ಮೂರು ತಿಂಗಳ ಅಂಕಿ ನಕ್ಷೆಯ ಮೇಲೆ ಬರೆದರೆ ಹುಳು ಯಾವ ಮೂಲೆಯಿಂದ ಹೊರಡುತ್ತದೆ ಎಂಬುದು ಕಾಣುತ್ತದೆ.

ಆ ಮೂಲೆಯಲ್ಲಿ ಸಾಮಾನ್ಯವಾಗಿ ಸಿಗುವವು ಇವು. ಚಾವಣಿಯ ಸಂದಿನಲ್ಲಿ ಪಾರಿವಾಳದ ಗೂಡು: ಗರಿ, ಸತ್ತ ಮರಿ, ಅಲ್ಲಿಂದ ಕಂಬಳಿ ದುಂಬಿ. ಗೋಡೆಯ ಮೇಲೆ ಕಣಜದ ಮಣ್ಣುಗೂಡು: ಒಳಗೆ ಅದು ತಂದಿಟ್ಟ ಜೇಡಗಳು, ಅವನ್ನು ತಿನ್ನಲು ಮತ್ತೆ ಅದೇ ದುಂಬಿ. ಹೊಸದಾಗಿ ಮಾಡಿಸಿದ ಪ್ಲೈವುಡ್ ಷೋಕೇಸು ಅಥವಾ ಬಿದಿರಿನ ಚೌಕಟ್ಟು: ಕುಟ್ಟೆಹುಳು. ದಾನವಾಗಿ ಬಂದು, ನೋಡದೆ ಕಪಾಟಿಗೆ ಸೇರಿದ ಕಟ್ಟು: ಎಲ್ಲವೂ. ಒಳಬರುವ ಪ್ರತಿ ವಸ್ತುವೂ ಮೊದಲು ಬೇರೆ ಕೋಣೆಯಲ್ಲಿ, ಚೀಲದಲ್ಲಿ, ಫ್ರೀಜರಿಗೆ ಆಗುವಂಥದ್ದಾದರೆ ಫ್ರೀಜರಿನ ಸುತ್ತು ಮುಗಿಸಿಯೇ ಬರಲಿ. ದಾನಿ ಎಷ್ಟೇ ದೊಡ್ಡವರಾಗಿರಲಿ.

ಕಪಾಟು ಗೋಡೆಯಿಂದಲೂ ನೆಲದಿಂದಲೂ 15 ಸೆಂಟಿಮೀಟರ್ ದೂರ ಇರಲಿ, ಹಿಂದೆ ಕೈ ಆಡಬೇಕು, ಟಾರ್ಚ್ ಬಿಡಬೇಕು. ತೇವಾಂಶ ಅಳೆಯುವ ಹೈಗ್ರೋಮೀಟರನ್ನು ಮೇಜಿನ ಮೇಲಲ್ಲ, ತಳದ ಅಂಕಣದ ಹಿಂಭಾಗದಲ್ಲಿ ಇಡಿ. ಕೋಣೆಯ ನಡುವೆ ಶೇಕಡಾ 58 ತೋರಿಸುವ ದಿನ ಹೊರಗೋಡೆಗೆ ಒರಗಿದ ಕಪಾಟಿನ ಹಿಂದೆ 70 ದಾಟಿರುವುದುಂಟು. ಹಾಗಿದ್ದರೆ ಮೊದಲು ಆ ಗೋಡೆಯ ಹೊರಮಗ್ಗುಲಿಗೆ ಹೋಗಿ ಮಳೆನೀರಿನ ಕೊಳವೆ ಎಲ್ಲಿ ಸುರಿಯುತ್ತಿದೆ ಎಂದು ನೋಡಿ ಬನ್ನಿ.